ಕೀಲಿಕೈ ಮಗನ ಕೈಯಲ್ಲಿ, ಕಾವಲು ಯಾರ ಕೈಯಲ್ಲಿ?

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದಿದ್ದ ಪರಿಚಿತರೊಬ್ಬರು ನನ್ನನ್ನು ಮನೆಗೆ ಕರೆದರು. ಎಂಟನೆಯ ತರಗತಿಯಲ್ಲಿ ಓದುವ ಮಗನಿಗೆ ಅವರು ಲ್ಯಾಪ್‌ಟಾಪ್ ತಂದುಕೊಟ್ಟು ಕೆಲವು ತಿಂಗಳಾಗಿತ್ತು. ಅದಕ್ಕೆ ‘ಏನಾದರೊಂದು ಬೀಗ’ ಹಾಕಿಕೊಡಬೇಕೆಂಬುದು ಅವರ ಕೋರಿಕೆ. ನಾನು ಕುಳಿತು ತೆರೆಯಹೊರಟಾಗ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು. ಅವರಿಗೆ ಗೊತ್ತಿರಲಿಲ್ಲ. ಮಗನನ್ನು ಕೂಗಿದರು. ಹುಡುಗ ಬಂದು, ನಮ್ಮಿಬ್ಬರಿಗೂ ಕಾಣದಂತೆ ಒಂದು ಕೈ ಅಡ್ಡ ಹಿಡಿದು, ಪಾಸ್‌ವರ್ಡ್ ಒತ್ತಿ ಸರಿದು ನಿಂತ. ಒಳಗೆ ಇದ್ದದ್ದು ಒಂದೇ ಖಾತೆ. ಅದು ಅಡ್ಮಿನಿಸ್ಟ್ರೇಟರ್ ಖಾತೆ. ಅದನ್ನು ತೆರೆದವನು ಆ ಹುಡುಗನೇ. ಅದರಲ್ಲಿ ಅವನು ನಮೂದಿಸಿದ್ದ ಜನ್ಮವರ್ಷ 1995!

ಅಡ್ಮಿನಿಸ್ಟ್ರೇಟರ್ ಎಂದರೆ ಆಡಳಿತಗಾರ. ಹಣ ಕೊಟ್ಟವರು ತಂದೆ, ಮನೆ ನೋಡಿಕೊಳ್ಳುವವರು ತಾಯಿ, ಆಡಳಿತ ಮಾತ್ರ ಹದಿಮೂರರ ಬಾಲಕನದು. ತನ್ನ ಮನೆಯ ಒಂದು ಕೋಣೆಗೆ ಪ್ರವೇಶಿಸಲು ತಂದೆಯೇ ಮಗನ ಅನುಮತಿಗಾಗಿ ಕಾದು ನಿಂತಿದ್ದ ಆ ದೃಶ್ಯ ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಇದು ಆ ಒಂದು ಮನೆಯ ಕತೆಯಲ್ಲ. ನಮ್ಮಲ್ಲಿ ಎಷ್ಟು ಮನೆಗಳ ಕಂಪ್ಯೂಟರ್‌ಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಖಾತೆಯಿದೆ? ಎಷ್ಟು ತಂದೆ-ತಾಯಂದಿರಿಗೆ ಆ ಖಾತೆಯ ಪಾಸ್‌ವರ್ಡ್ ಗೊತ್ತಿದೆ? ಉತ್ತರವನ್ನು ಪ್ರತಿಯೊಬ್ಬರೂ ತಂತಮ್ಮ ಮನೆಯ ಮೇಜಿನ ಬಳಿ ಹೋಗಿ ಕಂಡುಕೊಳ್ಳಲಿ.

ಈ ವಿಷಯ ಎತ್ತಿದಾಗಲೆಲ್ಲ ಮೂರು ಬಗೆಯ ಸಬೂಬುಗಳು ಕೇಳಿಬರುತ್ತವೆ.

ಮೊದಲನೆಯದು, “ನಮಗೆ ಇದೆಲ್ಲ ಗೊತ್ತಾಗುವುದಿಲ್ಲ, ಮಕ್ಕಳಿಗೇ ಹೆಚ್ಚು ಗೊತ್ತು” ಎಂಬುದು. ಹೀಗೆನ್ನುವವರ ಕೈಯಲ್ಲೇ ಮೊಬೈಲ್ ಇದೆ. ಅದರಿಂದ ಹಣ ಕಳುಹಿಸುತ್ತಾರೆ, ವಿಮಾನದ ಟಿಕೆಟ್ ತೆಗೆಯುತ್ತಾರೆ, ಸಾವಿರಾರು ಮೈಲಿ ದೂರದಿಂದ ಮನೆಗೆ ವೀಡಿಯೋ ಕರೆ ಮಾಡುತ್ತಾರೆ. ಬೇಕೆನಿಸಿದ್ದನ್ನು ಕಲಿತವರು, ಬೇಡವೆನಿಸಿದ್ದನ್ನು ಕಲಿಯಲಿಲ್ಲ, ಅಷ್ಟೆ. ಮಗುವಿನ ಖಾತೆಯನ್ನು ಸಿದ್ಧಪಡಿಸಲು ಒಂದು ಗಂಟೆ ಸಾಕು. ನಮ್ಮಲ್ಲಿ ಕೊರತೆಯಿರುವುದು ಜ್ಞಾನಕ್ಕಲ್ಲ, ಆ ಒಂದು ಗಂಟೆಗೆ.

ಎರಡನೆಯದು, “ನಮ್ಮ ಮಗ ಒಳ್ಳೆಯವನು, ಮದ್ರಸಕ್ಕೆ ಹೋಗುತ್ತಾನೆ, ನಮಾಝ್ ಮಾಡುತ್ತಾನೆ” ಎಂಬ ಭರವಸೆ. ಒಳ್ಳೆಯ ಮಗನನ್ನು ಯಾರೂ ಸಂದೇಹಿಸುತ್ತಿಲ್ಲ. ಸಂದೇಹವಿರುವುದು ಆ ತೆರೆಯ ಆಚೆ ಕುಳಿತಿರುವವರ ಬಗ್ಗೆ. ಈಜು ಬರುವ ಮಗನನ್ನು ಕೂಡ ಮಳೆಗಾಲದ ಹೊಳೆಗೆ ಒಬ್ಬನೇ ಇಳಿಯಲು ಯಾವ ತಂದೆಯೂ ಬಿಡುವುದಿಲ್ಲ. ಮಗ ಕೆಟ್ಟವನೆಂದಲ್ಲ, ಹೊಳೆ ದೊಡ್ಡದೆಂದು.

ಮೂರನೆಯದು ವೇದಿಕೆಗಳಲ್ಲಿ ಹೆಚ್ಚು ಚಪ್ಪಾಳೆ ಗಿಟ್ಟಿಸುವ ಮಾತು: “ಮಕ್ಕಳಿಗೆ ಇದನ್ನೆಲ್ಲ ಕೊಡಲೇಬೇಡಿ.” 2020ರಲ್ಲಿ ಶಾಲೆಗಳು ಮುಚ್ಚಿದಾಗ ತರಗತಿಯೇ ಮೊಬೈಲಿನೊಳಗೆ ಬಂದದ್ದನ್ನು ಹೀಗೆನ್ನುವವರು ಮರೆತಿದ್ದಾರೆ. ಇಂದು ವಿದ್ಯಾರ್ಥಿವೇತನದ ಅರ್ಜಿಯಿಂದ ಸಿಇಟಿ ಅರ್ಜಿಯವರೆಗೆ ಎಲ್ಲವೂ ಕಂಪ್ಯೂಟರ್ ಮೂಲಕವೇ ನಡೆಯುತ್ತದೆ. ಶಿಕ್ಷಣದಲ್ಲಿ ಹಿಂದುಳಿದದ್ದಕ್ಕಾಗಿ ದಶಕಗಳ ಕಾಲ ಪರಿತಪಿಸಿದ ಸಮುದಾಯವು ತನ್ನ ಮಕ್ಕಳ ಕೈಯಿಂದ ಈ ಉಪಕರಣವನ್ನು ಕಿತ್ತುಕೊಳ್ಳುವುದು ವಿವೇಕವಲ್ಲ. ಮೇಲಾಗಿ, ಮನೆಯಲ್ಲಿ ನಿಷೇಧಿಸಿದ್ದು ಗೆಳೆಯನ ಮನೆಯಲ್ಲಿ ಸಿಗುತ್ತದೆ, ಅಲ್ಲಿ ನಿಮ್ಮ ಕಣ್ಣಿರುವುದಿಲ್ಲ. ನಿಷೇಧವೆಂಬುದು ಅನೇಕ ಸಲ ಜವಾಬ್ದಾರಿಯ ಇನ್ನೊಂದು ಹೆಸರಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಸುಲಭದ ದಾರಿ.

ಹಾಗಾದರೆ ಮಾಡಬೇಕಾದದ್ದೇನು? ಉಪದೇಶವಷ್ಟೇ ಸಾಲದು, ಕೆಲಸವನ್ನೂ ಹೇಳಬೇಕು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ವಿಂಡೋಸ್ ಕಂಪ್ಯೂಟರನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಎರಡು ಬಗೆಯ ಖಾತೆಗಳಿವೆ. ಅಡ್ಮಿನಿಸ್ಟ್ರೇಟರ್ ಖಾತೆಯವರು ಯಾವ ಸಾಫ್ಟ್‌ವೇರನ್ನಾದರೂ ಹಾಕಬಲ್ಲರು, ತೆಗೆಯಬಲ್ಲರು, ಇತರರ ಖಾತೆಗಳನ್ನು ಬದಲಾಯಿಸಬಲ್ಲರು. ಸ್ಟ್ಯಾಂಡರ್ಡ್ ಖಾತೆಯವರಿಗೆ ಆ ಅಧಿಕಾರವಿಲ್ಲ. ಮೊದಲನೆಯದು ತಂದೆ ಅಥವಾ ತಾಯಿಯ ಕೈಯಲ್ಲಿರಲಿ. ಅದರ ಪಾಸ್‌ವರ್ಡ್ ಮಕ್ಕಳ ಹುಟ್ಟಿದ ದಿನವಾಗಲೀ ಮನೆಯ ಫೋನ್ ಸಂಖ್ಯೆಯಾಗಲೀ ಆಗದಿರಲಿ. ಅನಂತರ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಎಂಬಲ್ಲಿ ‘ಫ್ಯಾಮಿಲಿ’ ಎಂಬುದನ್ನು ತೆರೆದು ಪ್ರತಿಯೊಂದು ಮಗುವಿಗೂ ಅದರದೇ ಹೆಸರಿನಲ್ಲಿ, ಅದರ ನಿಜವಾದ ಜನ್ಮದಿನಾಂಕದೊಂದಿಗೆ, ಬೇರೆ ಬೇರೆ ಖಾತೆ ಮಾಡಿಕೊಡಿ. ಬಳಿಕ ನಿಮ್ಮ ಮೊಬೈಲಿನಲ್ಲಿ ‘ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ’ ಎಂಬ ಆ್ಯಪ್ ಹಾಕಿಕೊಂಡರೆ ಮೂರು ಸಂಗತಿಗಳನ್ನು ನೀವೇ ನಿರ್ಧರಿಸಬಹುದು: ಕಂಪ್ಯೂಟರ್ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ತೆರೆದಿರಬೇಕು, ಯಾವ ತಾಣಗಳು ಮುಚ್ಚಿರಬೇಕು, ಯಾವ ವಯಸ್ಸಿಗೆ ತಕ್ಕ ಆಟಗಳಿಗೆ ಮಾತ್ರ ಅವಕಾಶವಿರಬೇಕು. ಇಷ್ಟಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಮಗು ಏನನ್ನು ಎಷ್ಟು ಹೊತ್ತು ಬಳಸಿತೆಂಬ ವಾರದ ವರದಿಯನ್ನು ಬಯಸಿದರೆ ಅದೂ ನಿಮಗೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈ ತಾಣಶೋಧಕವು ಎಡ್ಜ್ ಎಂಬ ಬ್ರೌಸರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದಲೇ ಅದು ಇತರ ಪ್ರಮುಖ ಬ್ರೌಸರುಗಳನ್ನು ತಡೆಯುತ್ತದೆ. “ಶಾಲೆಯ ಕೆಲಸಕ್ಕೆ ಕ್ರೋಮ್ ಬೇಕು” ಎಂದು ಮಗ ಹೇಳಿದೊಡನೆ ಅದಕ್ಕೆ ಅನುಮತಿಯಿತ್ತರೆ, ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ. ಆಂಡ್ರಾಯ್ಡ್ ಮೊಬೈಲಿಗೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಇದೆ, ಆಪಲ್ ಉಪಕರಣಗಳಲ್ಲಿ ‘ಸ್ಕ್ರೀನ್ ಟೈಮ್’ ಇದೆ. ಮನೆಯ ವೈಫೈ ರೌಟರಿನ ಡಿಎನ್‌ಎಸ್ ಜಾಗದಲ್ಲಿ ಕ್ಲೌಡ್‌ಫ್ಲೇರ್ ಸಂಸ್ಥೆಯ 1.1.1.3 ಎಂಬ ವಿಳಾಸವನ್ನು ಹಾಕಿದರೆ ಆ ವೈಫೈ ಬಳಸುವ ಉಪಕರಣಗಳಿಗೆಲ್ಲ ಅಶ್ಲೀಲ ತಾಣಗಳ ಮಟ್ಟಿಗೆ ಒಂದು ತಡೆ ದೊರೆಯುತ್ತದೆ.

ಹೊರದೇಶದಲ್ಲಿ ದುಡಿಯುವ ತಂದೆಯಂದಿರಿಗೆ ಒಂದು ಮಾತು. “ನಾನು ದೂರದಲ್ಲಿದ್ದೇನೆ, ಏನು ಮಾಡಲಿ?” ಎಂದು ನೀವು ಕೇಳುತ್ತೀರಿ. ರಾತ್ರಿ ಒಂಬತ್ತಕ್ಕೆ ಊರಿನಲ್ಲಿ ಮಗನ ಸಮಯ ಮುಗಿದು, ಅವನು ಇನ್ನೂ ಹದಿನೈದು ನಿಮಿಷ ಕೇಳಿದರೆ ಆ ಕೋರಿಕೆ ರಿಯಾದಿನಲ್ಲಿರುವ ನಿಮ್ಮ ಮೊಬೈಲಿಗೆ ಬರುತ್ತದೆ. ಅಲ್ಲಿ ಆಗ ಸಂಜೆ ಆರೂವರೆ. ಕೊಡುವುದೋ ಬಿಡುವುದೋ ನಿಮ್ಮ ಬೆರಳಿನಲ್ಲಿದೆ. ಕೊಡುವ ಮುನ್ನ ಒಮ್ಮೆ ಕರೆ ಮಾಡಿ, “ಏನು ಬಾಕಿಯಿದೆ ಮಗಾ?” ಎಂದು ಕೇಳಿ. ದೂರವು ಕರ್ತವ್ಯವನ್ನು ಕಷ್ಟಕರವಾಗಿಸುತ್ತದೆ, ರದ್ದುಪಡಿಸುವುದಿಲ್ಲ. ಆದರೆ ಎಲ್ಲವನ್ನೂ ನೀವೇ ಹಿಡಿದಿಟ್ಟುಕೊಳ್ಳಬೇಡಿ. ಮನೆಯಲ್ಲಿರುವ ತಾಯಿಗೂ ಈ ಅಧಿಕಾರ ಕೊಡಿ, ಬಳಸುವುದನ್ನು ಕಲಿಸಿಕೊಡಿ. ದಿನವಿಡೀ ಮಕ್ಕಳನ್ನು ಕಾಯುವವರು ಅವರು.

ಇನ್ನು ಆ 1995ರ ವಿಷಯ. ನಮ್ಮಲ್ಲಿ ಅನೇಕ ಪೋಷಕರು ತಾವೇ ಮುಂದೆ ನಿಂತು ಮಗುವಿನ ವಯಸ್ಸನ್ನು ಹೆಚ್ಚಿಸಿ ಬರೆಸುತ್ತಾರೆ, ‘ಇಲ್ಲವಾದರೆ ಖಾತೆ ತೆರೆಯುವುದಿಲ್ಲ’ ಎಂದು. ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್‌ಗಳು ತಮ್ಮ ನಿಯಮದಲ್ಲೇ ಕನಿಷ್ಠ 13 ವರ್ಷ ಎಂದಿವೆ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ದೃಢಪಡಿಸಿದ ಒಪ್ಪಿಗೆ ಬೇಕೆನ್ನುತ್ತದೆ, ಅವರ ಚಲನವಲನವನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದೆನ್ನುತ್ತದೆ. ಇವೆಲ್ಲ ಅನ್ವಯವಾಗುವುದು ಮಗು ಮಗುವೆಂದು ದಾಖಲಾದಾಗ ಮಾತ್ರ. ಸುಳ್ಳು ಜನ್ಮವರ್ಷ ಬರೆಸಿದ ತಂದೆ ಆ ರಕ್ಷಣೆಯನ್ನೆಲ್ಲ ತನ್ನ ಕೈಯಾರೆ ಕಿತ್ತೆಸೆದಂತಾಯಿತು. ಅದಕ್ಕಿಂತಲೂ ಗಂಭೀರವಾದ ನಷ್ಟ ಇನ್ನೊಂದಿದೆ. ಸತ್ಯಸಂಧತೆಯನ್ನು ಈಮಾನಿನ ಗುರುತೆಂದು ನಂಬುವ ಮನೆಯಲ್ಲಿ, ಮಗುವಿಗೆ ಕಂಪ್ಯೂಟರಿನ ಮೊದಲ ಪಾಠವಾಗಿ ಸುಳ್ಳನ್ನು ಕಲಿಸಲಾಯಿತು, ಅದೂ ತಂದೆಯ ಸಮ್ಮುಖದಲ್ಲಿ. ಮುಂದೆ ಅದೇ ಮಗು ನಿಮಗೆ ಸುಳ್ಳು ಹೇಳಿದಾಗ ಯಾವ ಬಾಯಿಯಿಂದ ಗದರಿಸುವಿರಿ?

ಇಲ್ಲಿಯವರೆಗೆ ಬೀಗ ಹಾಕದವರ ಬಗ್ಗೆ ಬರೆದೆ. ಇನ್ನು ಬೀಗ ಹಾಕಿ ಕೈತೊಳೆದುಕೊಂಡವರ ಬಗ್ಗೆ ಬರೆಯದಿದ್ದರೆ ಅದು ಅರ್ಧಸತ್ಯವಾದೀತು. ಮೊದಲ ಅಪರಾಧಿಯಾಗಿ ನನ್ನನ್ನೇ ನಿಲ್ಲಿಸುತ್ತೇನೆ.

ನನ್ನ ಮಗಳು ಪ್ರೌಢಶಾಲೆಯಲ್ಲಿದ್ದಾಗ ಅವಳಿಗೆ ತಿಳಿಯದಂತೆ ಅವಳ ಕಂಪ್ಯೂಟರಿನಲ್ಲಿ ಒಂದು ಗುಪ್ತ ನಿಗಾ ತಂತ್ರಾಂಶವನ್ನು ಹಾಕಿದ್ದೆ. ಅವಳು ಗೆಳತಿಯರಿಗೆ ಬರೆದದ್ದನ್ನು ರಾತ್ರಿ ಕುಳಿತು ಓದುತ್ತಿದ್ದೆ. ಅಲ್ಲಿ ಇದ್ದದ್ದು ಪರೀಕ್ಷೆಯ ಭಯ, ಗೆಳತಿಯ ಮುನಿಸು, ಅಷ್ಟೆ. ಒಂದು ತಿಂಗಳಲ್ಲಿ ಅವಳಿಗೆ ಗೊತ್ತಾಯಿತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. “ಉಪ್ಪಾ, ಕೇಳಿದ್ದರೆ ನಾನೇ ತೋರಿಸುತ್ತಿದ್ದೆ” ಎಂದಳು. ಆ ಬಳಿಕ ನನ್ನ ಮುಂದೆ ಆ ಕಂಪ್ಯೂಟರನ್ನು ತೆರೆಯುವುದನ್ನೇ ಬಿಟ್ಟಳು. ಶಾಲೆಯ ವಿಷಯ ಹೇಳುವುದನ್ನೂ ಬಿಟ್ಟಳು. ನಾನು ಅವಳ ಸಂದೇಶಗಳನ್ನು ಗಳಿಸಹೋಗಿ ಅವಳ ಮಾತನ್ನು ಕಳೆದುಕೊಂಡೆ. ಕ್ಷಮೆ ಕೇಳಿ ಅದನ್ನು ತೆಗೆದುಹಾಕಿದ ಮೇಲೂ ಆ ಮಾತು ಮರಳಿ ಬರಲು ಬಹುಕಾಲ ಹಿಡಿಯಿತು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೆಯ ವಚನವು ಅತಿಯಾದ ಗುಮಾನಿಯನ್ನೂ ಪರರ ಗುಟ್ಟನ್ನು ಬೇಹುಗಾರಿಕೆಯಿಂದ ಕೆದಕುವುದನ್ನೂ ನಿಷೇಧಿಸುತ್ತದೆ. ಅನ್ನೂರ್ ಅಧ್ಯಾಯದ 58ನೆಯ ವಚನವು ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳಿಗೂ ದಿನದ ಮೂರು ಹೊತ್ತುಗಳಲ್ಲಿ, ಅಂದರೆ ಫಜ್ರ್‌ಗಿಂತ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ಬಳಿಕ, ಅನುಮತಿ ಪಡೆದೇ ಹಿರಿಯರ ಕೋಣೆಗೆ ಬರುವ ಶಿಸ್ತನ್ನು ಕಲಿಸುತ್ತದೆ. ಖಾಸಗಿತನವೆಂಬುದು ಪಾಶ್ಚಾತ್ಯರಿಂದ ಬಂದ ಶೋಕಿಯೆಂದು ಮೂಗು ಮುರಿಯುವವರು ಈ ವಚನವನ್ನು ಮತ್ತೊಮ್ಮೆ ಓದಲಿ. ಬಾಗಿಲು ತಟ್ಟಿ ಬರಬೇಕೆಂದು ಮಗುವಿಗೆ ಕಲಿಸುವ ನಾವು, ಅದೇ ಮಗುವಿನ ಬಾಗಿಲನ್ನು ಕಳ್ಳನಂತೆ ತೆರೆಯುವುದು ಯಾವ ನ್ಯಾಯ? ಕಾವಲಿಗೂ ಬೇಹುಗಾರಿಕೆಗೂ ಅಜಗಜಾಂತರವಿದೆ. ಕಾವಲುಗಾರ ಎಲ್ಲರಿಗೂ ಕಾಣುವಂತೆ ಬಾಗಿಲಲ್ಲಿ ನಿಲ್ಲುತ್ತಾನೆ, ಬೇಹುಗಾರ ಗೋಡೆಯ ಹಿಂದೆ ಅವಿತಿರುತ್ತಾನೆ. ನೀವು ಹಾಕುವ ನಿಯಂತ್ರಣ ಏನು, ಏಕೆ, ಎಲ್ಲಿಯವರೆಗೆ ಎಂಬುದು ಮಗುವಿಗೆ ಗೊತ್ತಿರಲಿ. ಅದರ ಪಕ್ಕದಲ್ಲೇ ಕುಳಿತು ಖಾತೆ ಮಾಡಿ.

ಇನ್ನೊಂದು ಅನ್ಯಾಯವನ್ನೂ ಹೇಳದೆ ಇರಲಾಗದು. ಈ ನಿಯಂತ್ರಣ, ಈ ತಪಾಸಣೆ, ಈ ಉಪದೇಶಗಳೆಲ್ಲ ನಮ್ಮಲ್ಲಿ ಬಹುಪಾಲು ಹೆಣ್ಣುಮಕ್ಕಳಿಗೆ ಮೀಸಲು. ಮಗಳ ಮೊಬೈಲನ್ನು ದಿನಕ್ಕೆರಡು ಬಾರಿ ನೋಡುವ ತಂದೆ, ಮಗನ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಬೆಳಕು ಕಂಡರೂ ‘ಗಂಡುಹುಡುಗ’ ಎಂದು ಸುಮ್ಮನಾಗುತ್ತಾನೆ. ದೃಷ್ಟಿಯನ್ನು ತಗ್ಗಿಸಬೇಕೆಂಬ ಆಜ್ಞೆಯನ್ನು ಅನ್ನೂರ್ ಅಧ್ಯಾಯವು ಮೊದಲು ನೀಡಿರುವುದು ಪುರುಷರಿಗೆ, 30ನೆಯ ವಚನದಲ್ಲಿ. ಸ್ತ್ರೀಯರ ಸರದಿ ಬರುವುದು ಅದರ ನಂತರದ ವಚನದಲ್ಲಿ. ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ. ನಿಯಮ ಇಬ್ಬರಿಗೂ ಒಂದೇ ಆಗಿರದಿದ್ದರೆ ಅದು ಧರ್ಮದ ನಿಯಮವಲ್ಲ, ಊರಿನ ಮರ್ಯಾದೆಯ ಲೆಕ್ಕಾಚಾರ.

ಈಗ ನನ್ನನ್ನು ಅತಿಯಾಗಿ ಕಲಕಿದ ಘಟನೆಗೆ ಬರುತ್ತೇನೆ. ಪರಿಚಯದ ಒಂದು ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಹದಿನಾಲ್ಕರ ಹುಡುಗನಿಗೆ ಪ್ರತ್ಯೇಕ ಖಾತೆ, ದಿನಕ್ಕೆ ಒಂದೂವರೆ ಗಂಟೆ, ತಾಣಗಳಿಗೆ ತಡೆ. ಅವನಿಗೆ ಆಡಲು ಅನುಮತಿಯಿದ್ದ ಒಂದು ಆಟದಲ್ಲಿ, ಅನುಮತಿಯಿದ್ದ ಸಮಯದಲ್ಲೇ, ಯಾರೋ ಒಬ್ಬ ಅಪರಿಚಿತ ಗೆಳೆಯನಂತೆ ಮಾತಿಗೆ ಸಿಕ್ಕಿದ. ಸಲುಗೆ ಬೆಳೆಯಿತು. ಒಂದು ಚಿತ್ರ ಕೇಳಿದ, ಹುಡುಗ ಕಳುಹಿಸಿದ. ಮರುದಿನದಿಂದ ಬೆದರಿಕೆ, ಹಣದ ಬೇಡಿಕೆ. ಮೂರು ವಾರಗಳ ಕಾಲ ಆ ಮಗು ತಾಯಿಯ ಪರ್ಸಿನಿಂದ ಹಣ ಕದ್ದಿತು, ಊಟ ಬಿಟ್ಟಿತು, ನಿದ್ದೆಗೆಟ್ಟಿತು. ಅದೇ ಮನೆಯಲ್ಲಿ ತಂದೆ ಇದ್ದರು. ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಏಕೆ ಹೇಳಲಿಲ್ಲವೆಂದು ಆಮೇಲೆ ಕೇಳಿದಾಗ ಅವನು ಕೊಟ್ಟ ಉತ್ತರ: “ಒಂದು ದೂರು ಬಂದರೂ ಮೊಬೈಲ್ ಒಡೆದು ಹಾಕುತ್ತೇನೆ, ನಿನ್ನನ್ನೂ ಬಿಡುವುದಿಲ್ಲ ಎಂದು ಉಪ್ಪ ಹೇಳಿದ್ದರು.”

ಆ ಮನೆಯಲ್ಲಿ ಬೀಗ ಕೆಟ್ಟಿರಲಿಲ್ಲ. ಅದು ತಾನು ಮಾಡಬೇಕಾದ ಕೆಲಸವನ್ನೆಲ್ಲ ಮಾಡಿತ್ತು. ಮುಚ್ಚಿಹೋಗಿದ್ದದ್ದು ಇನ್ನೊಂದು ಬಾಗಿಲು, ಮಗುವಿನಿಂದ ತಂದೆಯ ಕಡೆಗಿರುವ ಬಾಗಿಲು. ಯಾವ ತಂತ್ರಾಂಶವೂ ಆ ಬಾಗಿಲನ್ನು ತೆರೆದುಕೊಡುವುದಿಲ್ಲ. ತಾಣಗಳ ತಡೆ ಗೆಳೆಯನ ಮೊಬೈಲಿಗೆ ಅನ್ವಯಿಸುವುದಿಲ್ಲ. ವೈಫೈಗೆ ಹಾಕಿದ ತಡೆ, ಮೊಬೈಲ್ ಡೇಟಾ ಬಳಸಿದೊಡನೆ ನಿಷ್ಫಲ. ಆಟದೊಳಗಿನ ಮಾತುಕತೆಯಲ್ಲಿ ಯಾರು ಯಾವ ಉದ್ದೇಶದಿಂದ ಮಾತಾಡುತ್ತಿದ್ದಾರೆಂದು ಯಾವ ಶೋಧಕವೂ ತಿಳಿಯದು. ಇವೆಲ್ಲದರ ಆಚೆ ಉಳಿಯುವ ಒಂದೇ ರಕ್ಷಣೆಯೆಂದರೆ, ಎಡವಿದ ಕ್ಷಣದಲ್ಲಿ ಮಗು ಓಡಿ ಬರುವುದು ನಿಮ್ಮ ಬಳಿಗೆ ಎಂಬುದು.

ಹಝ್ರತ್ ಯೂಸುಫ್(ಅ)ರ ವೃತ್ತಾಂತ ನಮಗೆಲ್ಲ ತಿಳಿದಿದೆ. ಅದು ಆರಂಭವಾಗುವುದು ಒಬ್ಬ ಬಾಲಕ ತಾನು ಕಂಡ ವಿಚಿತ್ರ ಕನಸನ್ನು ನೇರವಾಗಿ ತಂದೆಯ ಬಳಿ ಹೇಳಿಕೊಳ್ಳುವುದರಿಂದ. ತಂದೆ ಯಾಕೂಬ್(ಅ) ನಗಲಿಲ್ಲ, ಗದರಲಿಲ್ಲ. ಆಲಿಸಿದರು, ಮುಂದಿರುವ ಅಪಾಯವನ್ನು ತಿಳಿಸಿದರು, ಆ ಕನಸಿನ ಹಿರಿಮೆಯನ್ನೂ ತಿಳಿಸಿದರು. ಲುಕ್ಮಾನರು ಮಗನಿಗೆ ಉಪದೇಶಿಸುವಾಗಲೂ ಯಾಕೂಬರು ಬಳಸಿದ ಅದೇ ವಾತ್ಸಲ್ಯದ ಸಂಬೋಧನೆಯನ್ನೇ ಬಳಸುತ್ತಾರೆ. ಆ ಉಪದೇಶದಲ್ಲಿ, ಸಾಸಿವೆಯ ಕಾಳಿನಷ್ಟು ಸಣ್ಣ ಕರ್ಮವೂ ಅಲ್ಲಾಹನಿಂದ ಮರೆಯಾಗದು ಎಂಬ ಅರಿವನ್ನು ಮಗನ ಮನದಲ್ಲಿ ನೆಡುತ್ತಾರೆ. ಗಮನಿಸಿ, ‘ನಾನು ನೋಡುತ್ತಿದ್ದೇನೆ’ ಎಂದು ಲುಕ್ಮಾನರು ಹೆದರಿಸುವುದಿಲ್ಲ. ತಂದೆಯ ಕಣ್ಣು ಮುಚ್ಚಿದ ಮೇಲೂ ತೆರೆದಿರುವ ದೃಷ್ಟಿಯೊಂದರ ಪರಿಚಯ ಮಾಡಿಕೊಡುತ್ತಾರೆ.

ಅಂತಿಮ ಗುರಿಯೂ ಅದೇ. ಮಗು ಪ್ರಾಯಪೂರ್ತಿಯಾದ ದಿನದಿಂದ ತನ್ನ ಕರ್ಮಗಳಿಗೆ ತಾನೇ ಅಲ್ಲಾಹನ ಮುಂದೆ ಉತ್ತರದಾಯಿ. ಆ ಲೆಕ್ಕದಲ್ಲಿ ‘ಉಪ್ಪ ಬೀಗ ಹಾಕಿರಲಿಲ್ಲ’ ಎಂಬ ನೆಪ ನಡೆಯದು. ನಮಾಝ್ ಕಡ್ಡಾಯವಾಗುವುದು ಪ್ರಾಯಪೂರ್ತಿಯಾದ ಬಳಿಕವಾದರೂ, ಏಳನೆಯ ವಯಸ್ಸಿನಿಂದಲೇ ಅದನ್ನು ರೂಢಿ ಮಾಡಿಸಬೇಕೆಂದು ಪ್ರವಾದಿ(ಸ) ಕಲಿಸಿದರು. ಕಂಪ್ಯೂಟರಿನ ಶಿಸ್ತೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಲಿ. ಹತ್ತರೊಳಗಿನ ಮಗುವಿಗೆ ನೀವು ಆರಿಸಿಕೊಟ್ಟ ತಾಣಗಳು ಮಾತ್ರ, ಅದೂ ಎಲ್ಲರೂ ಓಡಾಡುವ ಕೋಣೆಯಲ್ಲಿ. ಹದಿಮೂರರ ಸುಮಾರಿಗೆ ಕೆಟ್ಟದ್ದಕ್ಕೆ ತಡೆ, ಉಳಿದದ್ದಕ್ಕೆ ಅವಕಾಶ. ಹದಿನಾರರಲ್ಲಿ ಸಮಯದ ಮಿತಿಯನ್ನು ಅವರೇ ಹಾಕಿಕೊಳ್ಳಲಿ, ನೀವು ವಾರಕ್ಕೊಮ್ಮೆ ಜೊತೆಗೆ ಕುಳಿತು ಮಾತಾಡಿ. ಹದಿನೆಂಟರಲ್ಲಿ ಕೀಲಿಕೈಯನ್ನು ಅವರ ಕೈಗಿಡಿ. ಎಂದೂ ಸಡಿಲಿಸದ ಬೀಗ ಮಗುವನ್ನು ಬೆಳೆಸುವುದಿಲ್ಲ, ಅದು ಮುರಿಯುವ ದಿನವನ್ನು ಕಾಯುತ್ತಿರುತ್ತದೆ.

ಕೊನೆಯದಾಗಿ, ನಮ್ಮದೇ ಮೊಬೈಲಿನ ಮಾತು. ಅತ್ತಹ್ರೀಮ್ ಅಧ್ಯಾಯದ 6ನೆಯ ವಚನವು ನರಕಾಗ್ನಿಯಿಂದ ಕಾಪಾಡಬೇಕಾದವರ ಪಟ್ಟಿಯಲ್ಲಿ ಮೊದಲು ನಮ್ಮನ್ನು, ಆಮೇಲೆ ನಮ್ಮ ಮನೆಯವರನ್ನು ಹೆಸರಿಸುತ್ತದೆ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲಿಟ್ಟುಕೊಂಡು, ಇಶಾ ಮುಗಿದ ಮೇಲೆ ನಡುರಾತ್ರಿಯವರೆಗೆ ಬೆರಳಾಡಿಸುವ ತಂದೆ ಮಗನಿಗೆ ಒಂಬತ್ತು ಗಂಟೆಯ ಮಿತಿ ಹಾಕಿದರೆ, ಮಗ ಕಲಿಯುವುದು ಸಂಯಮವನ್ನಲ್ಲ, ‘ದೊಡ್ಡವನಾದ ಮೇಲೆ ನಾನೂ ಹೀಗಿರಬಹುದು’ ಎಂಬುದನ್ನು. ಮಗುವಿನ ಖಾತೆಗೆ ಹಾಕುವ ಸಮಯವನ್ನು ನಿಮ್ಮ ಮೊಬೈಲಿಗೂ ಹಾಕಿಕೊಳ್ಳಿ. ಆಗ ನೋಡಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಆ ಹುಡುಗನ ತಾಯಿ ಹಣ ಕಡಿಮೆಯಾದದ್ದನ್ನು ಕಂಡು, ಹೊಡೆಯದೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದರಿಂದ ವಿಷಯ ಹೊರಬಂತು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು, ಪೊಲೀಸರಿಗೆ ದೂರು ಕೊಟ್ಟರು. ಅಲ್ಲಾಹನ ಅನುಗ್ರಹದಿಂದ ಬೆದರಿಕೆ ಅಲ್ಲಿಗೆ ನಿಂತಿತು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಈ ಎರಡು ಸಂಖ್ಯೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಆದರೆ ಅದಕ್ಕೂ ಮೊದಲು ಇಂದು ರಾತ್ರಿಯೇ ಅವರ ಬಳಿ ಕುಳಿತು ಹೀಗೆ ಹೇಳಿ: “ನಿನ್ನಿಂದ ಎಂಥ ತಪ್ಪೇ ಆಗಲಿ, ಮೊದಲು ನನಗೆ ಹೇಳು. ನಾನು ಸಿಟ್ಟಾಗಬಹುದು, ಆದರೆ ನಿನ್ನ ಕೈ ಬಿಡುವುದಿಲ್ಲ.” ನಾಳೆ ಖಾತೆ ಮಾಡಿ, ಬೀಗ ಹಾಕಿ. ಈ ಮಾತಿಲ್ಲದೆ ಹಾಕಿದ ಬೀಗ ಬರೀ ಬೀಗ.

ಸಂತಾನವು ಅಲ್ಲಾಹನು ನಮ್ಮ ಬಳಿ ಇರಿಸಿರುವ ಅಮಾನತ್. ಅದನ್ನು ಯಂತ್ರದ ಕೈಗೊಪ್ಪಿಸಿ ನಿದ್ರಿಸದಂತೆ, ಭಯದ ಗೋಡೆ ಕಟ್ಟಿ ಕಳೆದುಕೊಳ್ಳದಂತೆ ಅವನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.